ಚಾರ್ಮಾಡಿ ಕಾಡಿನಲ್ಲಿ ಮೂರು ಸೈಕಲ್ಲು

ಹೆಂಗಸು ಸೈಕಲ್ ಹತ್ತಿದರೆ ಸೈಕಲ್ಲಿಗೆ ಏನೂ ಆಗುವುದಿಲ್ಲ, ದಾರಿಯಲ್ಲಿ ಇರುವವರಿಗೇ ಏನಾದರೊಂದು ಆಗುತ್ತಿರುತ್ತದೆ. ಮೂವತ್ತು ವರ್ಷ ಸೈಕಲ್ ತುಳಿದವಳು ನಾನು, ತಿಳಿದೇ ಹೇಳುತ್ತಿದ್ದೇನೆ. ಈಗ ನಾನಿರುವುದು ಬಳ್ಳಾರಿಯಲ್ಲಿ. ಇಲ್ಲಿ ಕಾಡು ಎಂದರೆ ಜಾಲಿ. ಮಧ್ಯಾಹ್ನ ಹನ್ನೆರಡು ಗಂಟೆಗೂ ನೆಲಕ್ಕೆ ಬಿಸಿಲು ಬೀಳದ ಕಾಡಿನಲ್ಲಿ ನಾನು ಸೈಕಲ್ ತುಳಿದಿದ್ದೇನೆ ಎಂದರೆ ಇಲ್ಲಿಯ ಮಕ್ಕಳು ನಂಬುವುದಿಲ್ಲ. ಅದಕ್ಕೇ ಅವರಿಗೆ ಕಾಡಿನ ವಿಷಯ ಬಿಟ್ಟು ನಮ್ಮ ಮಾವನ ವಿಷಯ ಹೇಳುತ್ತೇನೆ. ಅದನ್ನು ನಂಬುತ್ತಾರೆ.

೧. ಇಳಿಯಲು ಕಲಿಯದ ಸವಾರ

ಎರಡನೆಯ ಮಹಾಯುದ್ಧ ಶುರುವಾಗುವ ಮೊದಲಿನ ಮಾತು. ನಾನು ಮಂಗಳೂರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದೆ. ವಯಸ್ಸು ಇಪ್ಪತ್ತೆರಡು. ಬಳ್ಳಾರಿ ಕಡೆಯ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಶಾಲೆಗಳನ್ನು ಸುತ್ತಿ ನೋಡಿ ವರದಿ ಕೊಡುವ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಕೆಲಸ ಸಿಕ್ಕಿತು. ಬಂದ ಕಾಗದದಲ್ಲಿ ಎರಡು ಷರತ್ತು ಇದ್ದವು. ಒಂದು, ಸೈಕಲ್ ಬರಬೇಕು. ಎರಡು, ಮನೆಯ ಯಜಮಾನರು ಒಪ್ಪಿ ಸಹಿ ಹಾಕಿದ ಕಾಗದ ಬೇಕು.

ಸೈಕಲ್ ಬರುತ್ತಿತ್ತು. ಸಹಿಯದ್ದೇ ಕಷ್ಟ. ನಮ್ಮದು ಅಳಿಯಸಂತಾನದ ಮನೆ. ಯಜಮಾನ ಎಂದರೆ ಅಪ್ಪನಲ್ಲ, ಅಮ್ಮನ ಅಣ್ಣ. ಆ ಮಾವನ ಮನಸ್ಸಿನಲ್ಲಿ ನನಗೆ ಬೇರೆಯದೇ ಕೆಲಸ ಗೊತ್ತಾಗಿತ್ತು. ಬಂಟ್ವಾಳದಲ್ಲಿ ಅಕ್ಕಿ ಗಿರಣಿ ನೋಡಿಕೊಳ್ಳುತ್ತಿದ್ದ ತಮ್ಮ ಮಗನಿಗೆ ನನ್ನನ್ನು ತಂದುಕೊಳ್ಳಬೇಕು ಎಂದು ನಾನು ತೊಟ್ಟಿಲಲ್ಲಿದ್ದಾಗಲೇ ಅವರು ನಿಶ್ಚಯಿಸಿದ್ದರು. ಆದರೆ ಅವರು ಮುಖ ಮುರಿದು ಬೇಡ ಎನ್ನುವವರಲ್ಲ. ಹೀಗೆಂದರು: "ಮಂಗಳೂರಿನ ರಸ್ತೆಯಲ್ಲಿ ಸೈಕಲ್ ಬಿಡುವುದು ಎಂತ ದೊಡ್ಡ ವಿಷಯ? ಚಾರ್ಮಾಡಿ ಘಾಟಿ ಹತ್ತಿ ಇಳಿದು ತೋರಿಸು. ಐದು ದಿನ. ಒಮ್ಮೆಯಾದರೂ 'ಆಗುವುದಿಲ್ಲ' ಎಂದು ನಿನ್ನ ಬಾಯಲ್ಲಿ ಬಂದರೆ ಮದುವೆಯ ದಿನ ನೋಡುವ. ಬರದಿದ್ದರೆ ಸಹಿಯ ಬಗ್ಗೆ ಯೋಚನೆ ಮಾಡುವ."

ಬಾಯಲ್ಲಿ ಏನು ಬಂತು, ಏನು ಬರಲಿಲ್ಲ ಎಂದು ಹೇಳಲು ಸಾಕ್ಷಿ ಬೇಕಲ್ಲ. ಬೇರೆಯವರ ಮೇಲೆ ಮಾವನಿಗೆ ನಂಬಿಕೆಯಿಲ್ಲ. ಹಾಗಾಗಿ ಐವತ್ತೆರಡನೆಯ ವಯಸ್ಸಿನಲ್ಲಿ ತಾವೇ ಸೈಕಲ್ ಕಲಿಯಲು ಹೊರಟರು. ಮೈದಾನದಲ್ಲಿ ಹದಿನೈದು ದಿನ ಕಲಿತರು. ತುಳಿಯುವುದು ಬಂತು, ತಿರುಗಿಸುವುದು ಬಂತು. ಇಳಿಯುವುದು ಮಾತ್ರ ಬರಲಿಲ್ಲ. ಗೋಡೆಯೋ ಕಟ್ಟೆಯೋ ಸಿಕ್ಕಿದರೆ ಅದಕ್ಕೆ ಕಾಲು ಕೊಟ್ಟು ನಿಲ್ಲುವುದು, ಸಿಗದಿದ್ದರೆ ತುಳಿಯುತ್ತಲೇ ಇರುವುದು.

ಒಂದು ದಿನ ಧೈರ್ಯ ಮಾಡಿ ಹಂಪನಕಟ್ಟೆಗೆ ಹೋದರು. ಅಲ್ಲಿ ಅಂಗಡಿಗಳ ಮುಂದೆಲ್ಲ ಜನ, ಸಾಮಾನು, ಗಾಡಿ. ಕಾಲು ಕೊಡಲು ಒಂದು ಗೇಣು ಗೋಡೆಯೂ ಖಾಲಿಯಿಲ್ಲ. ಮಾವ ಒಂದು ಸುತ್ತು ಬಂದರು, ಎರಡು ಸುತ್ತು ಬಂದರು. ಪರಿಚಯದವರು ನಮಸ್ಕಾರ ಹೇಳಿದರೆ ತಲೆ ಆಡಿಸಿ ಮುಂದೆ ಹೋದರು. ಐದನೆಯ ಸುತ್ತಿಗೆ ಬಟ್ಟೆ ಅಂಗಡಿಯವನು ಗಲ್ಲಾಪೆಟ್ಟಿಗೆ ಬಿಟ್ಟು ರಸ್ತೆಗೆ ಬಂದು ಕೈ ಮುಗಿದನಂತೆ.

"ಶೆಟ್ರೇ, ನಿಮಗೆ ಎಂತ ಬೇಕು ಹೇಳಿ. ನಾವೇ ಮನೆಗೆ ತಂದು ಕೊಡ್ತೇವೆ."

೨. ಹುಲಿಯ ಪಾಲಿನ ಮೀನು

ಹುಡುಗಿಯ ಜೊತೆಗೆ ಒಬ್ಬ ಹೆಂಗಸಾದರೂ ಇರಲೇಬೇಕು ಎಂದು ಅಮ್ಮ ಹಟ ಹಿಡಿದಳು. ನಮ್ಮ ಶಾಲೆಯ ಹೊಲಿಗೆ ಟೀಚರ್ ಬರುತ್ತೇನೆ ಎಂದರು. ಕೊಂಕಣಿ ಮಾತಾಡುವ ಕ್ರಿಸ್ತಾಂವ್ ಹೆಂಗಸು, ನಲವತ್ತೈದು ದಾಟಿದವರು, ಒಳ್ಳೆಯ ತೂಕ. ಕಂಕನಾಡಿಯಿಂದ ಶಾಲೆಗೆ ದಿನವೂ ಸೈಕಲ್ಲಿನಲ್ಲೇ ಬರುತ್ತಿದ್ದರು. ಮಾವ ಅವರನ್ನು ಬಾಯಮ್ಮ ಎಂದು ಕರೆಯುತ್ತಿದ್ದರು, ಅವರು ಮಾವನನ್ನು ಶೆಟ್ರೇ ಎನ್ನುತ್ತಿದ್ದರು. ಐದು ದಿನವೂ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪಿದ್ದು ನನಗೆ ನೆನಪಿಲ್ಲ.

ಮೊದಲ ದಿನ ಬಂಟ್ವಾಳದವರೆಗೆ ಹದಿನಾರು ಮೈಲು. ಮಾವನಿಗೆ ಹತ್ತಲೂ ಇಳಿಯಲೂ ಮೈಲುಗಲ್ಲೇ ಆಗಬೇಕು. ಹಾಗಾಗಿ ನಮಗೆ ಬಾಯಾರಿದಾಗ ನೀರಿಲ್ಲ, ಮೈಲು ಮುಗಿದಾಗ ನೀರು. ಸಾಯಂಕಾಲ ಮಾವನ ಹೆಂಡತಿಯ ಮನೆಯಲ್ಲಿ ಉಳಿದೆವು. ನನಗೆ ಗೊತ್ತುಮಾಡಿದ್ದ ಹುಡುಗನೂ ಅಲ್ಲೇ ಇದ್ದ. ಬೆಳಿಗ್ಗೆ ನಮ್ಮ ಸೈಕಲ್ಲುಗಳನ್ನೆಲ್ಲ ಒರೆಸಿ ನಿಲ್ಲಿಸಿದ್ದ. ನನ್ನ ಮುಖ ನೋಡದೆ ಒಂದೇ ಮಾತು ಹೇಳಿದ: "ಹಿಂದಿನ ಚಕ್ರದಲ್ಲಿ ಗಾಳಿ ಕಡಿಮೆ ಉಂಟು." ಒಳ್ಳೆಯ ಹುಡುಗ. ಗಾಳಿ ಕಡಿಮೆ ಇದ್ದದ್ದು ನಿಜ.

ಎರಡನೆಯ ದಿನ ಬೆಳ್ತಂಗಡಿ ದಾಟಿ ಘಾಟಿಯ ಬುಡಕ್ಕೆ ಹೋಗಬೇಕು. ಅಲ್ಲಿಂದ ಕಾಡು ಶುರು. ಹೊಲಿಗೆ ಟೀಚರ್ ತಮ್ಮ ಕ್ಯಾರಿಯರಿನಲ್ಲಿ ಒಂದು ಕಟ್ಟು ಒಣಮೀನು ಕಟ್ಟಿಕೊಂಡಿದ್ದರು. ಬಂಟ್ವಾಳದಿಂದಲೇ ಎರಡು ನಾಯಿ ಅವರ ಹಿಂದೆ ಬರುತ್ತಿದ್ದವು, ಬೆಳ್ತಂಗಡಿಯಲ್ಲಿ ನಾಲ್ಕಾದವು. ಕಾಡಿನ ಮೊದಲ ದೊಡ್ಡ ಮರಗಳು ಕಂಡ ಕೂಡಲೇ ಮಾವ ಮೈಲುಗಲ್ಲಿಗೆ ಕಾಲು ಕೊಟ್ಟು ನಿಂತರು. ಈ ವಾಸನೆಗೆ ಹುಲಿ ಬರುವುದು ಖಂಡಿತ, ಮೀನನ್ನು ಇಲ್ಲೇ ಎಸೆಯಬೇಕು ಎಂದರು.

ಹುಲಿಗೆ ಮೀನಿನ ಆಸೆ ಇದ್ದರೆ ಇಷ್ಟು ಹೊತ್ತಿಗೆ ಮಂಗಳೂರಿನಲ್ಲಿ ದೋಣಿಯಿಂದ ಮೀನು ಇಳಿಸುವ ಧಕ್ಕೆಗೆ ಬಂದಿರುತ್ತಿತ್ತು ಎಂದು ಟೀಚರ್ ಹೇಳಿದರು. ಮಾವ ಒಪ್ಪಲಿಲ್ಲ. ಕೊನೆಗೆ ಒಂದು ರಾಜಿ ಆಯಿತು. ಮೀನು ಒಂದು ಫರ್ಲಾಂಗು ಹಿಂದೆ ಬರಬೇಕು. ಹುಲಿ ಬಂದರೆ ಮೊದಲು ಮೀನು ಸಿಗುತ್ತದೆ. ಮೀನು ತಾನಾಗಿ ಬರುವುದಿಲ್ಲವಾದ್ದರಿಂದ ಟೀಚರೂ ಒಂದು ಫರ್ಲಾಂಗು ಹಿಂದೆ ಬಂದರು. ಅವರ ಹಿಂದೆ ನಾಲ್ಕು ನಾಯಿ.

ಸಂಜೆ ಘಾಟಿಯ ಬುಡದ ಮುಸಾಫಿರಿ ಬಂಗಲೆ ಸೇರಿದೆವು. ಟೀಚರ್ ಮೀನು ಸುಟ್ಟು ಕೊಬ್ಬರಿ ಎಣ್ಣೆ, ಮೆಣಸು, ಈರುಳ್ಳಿ ಹಾಕಿ ಚಟ್ನಿ ಮಾಡಿದರು. ಗಂಜಿಯ ಜೊತೆ ಮಾವ ಸುಮ್ಮನೆ ಉಣ್ಣುತ್ತಾ ಹೋದರು. ಕಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿಯಾಯಿತು. ನಾಳೆಗೂ ಬೇಕಲ್ಲ ಶೆಟ್ರೇ ಎಂದು ಟೀಚರ್ ನೆನಪು ಮಾಡಿದರು.

"ಕಾಡಿನಲ್ಲಿ ಇಂಥದ್ದು ಉಳಿಸಬಾರದು ಬಾಯಮ್ಮ," ಎಂದು ಮಾವ ಇನ್ನೂ ಒಂದು ಮುದ್ದೆ ಚಟ್ನಿ ಹಾಕಿಸಿಕೊಂಡರು. "ಹುಲಿಯ ವಿಷಯ ನಿಮಗೆ ಗೊತ್ತಿಲ್ಲ."

೩. ಎತ್ತಿಲ್ಲದ ಗಾಡಿ

ಮೂರನೆಯ ದಿನ ಬೆಳಿಗ್ಗೆ ಘಾಟಿ ಹತ್ತಲು ಹೊರಟರೆ ಕಾಡಿನ ಇಲಾಖೆಯ ಗೇಟು. ಅದನ್ನು ಕಾಯುವ ಗಾರ್ಡ್ ಒಬ್ಬ ಇದ್ದ. ಒಳಗೆ ಹೋಗುವ, ಹೊರಗೆ ಬರುವ ಪ್ರತಿಯೊಂದು ಗಾಡಿಯನ್ನೂ ಪುಸ್ತಕದಲ್ಲಿ ಬರೆಯಬೇಕು, ಇಲ್ಲದಿದ್ದರೆ ಮರ ಕದ್ದು ಸಾಗಿಸುತ್ತಾರೆ ಎಂದು ಮೇಲಿನವರ ಕಟ್ಟುನಿಟ್ಟು. ಪುಸ್ತಕದಲ್ಲಿ ಅಚ್ಚು ಹಾಕಿದ ಮನೆಗಳಿದ್ದವು. ಗಾಡಿಯ ಜಾತಿ, ಚಕ್ರ ಎಷ್ಟು, ಎತ್ತು ಎಷ್ಟು, ಒಳಗೆ ಇರುವ ಮಾಲು, ಯಜಮಾನ ಯಾರು. ಮೋಟಾರಿಗೆ ಬೇರೆ ಪುಸ್ತಕ.

ಸೈಕಲ್ಲಿಗೆ ಪುಸ್ತಕ ಇರಲಿಲ್ಲ. ಗಾರ್ಡ್ ಬಹಳ ಹೊತ್ತು ನಮ್ಮನ್ನೂ ಪುಸ್ತಕವನ್ನೂ ನೋಡಿದ. ಇದು ಮೋಟಾರಲ್ಲ, ಹಾಗಾಗಿ ಗಾಡಿಯೇ ಆಗಬೇಕು ಎಂದು ತೀರ್ಮಾನಿಸಿದ. ಬರೆಯದೆ ಬಿಟ್ಟರಾಗದೇ ಎಂದು ಮಾವ ಕೇಳಿದ್ದಕ್ಕೆ, ಬರೆಯದೆ ಬಿಟ್ಟು ನಾಳೆ ಕಾಡಿನಲ್ಲಿ ನೀವು ಕಾಣೆಯಾದರೆ ನಾನು ಯಾವ ಪುಸ್ತಕ ತೋರಿಸಲಿ ಎಂದ. ಮಾವನಿಗೆ ಆ ಮಾತು ಹಿಡಿಸಲಿಲ್ಲ.

ನನ್ನದನ್ನು ಮೊದಲು ಬರೆದ. ಚಕ್ರ ಎರಡು. ಎತ್ತು ಇಲ್ಲ. ಮಾಲು ಬುತ್ತಿ. ಹೊಲಿಗೆ ಟೀಚರದ್ದು ಅದೇ ಥರ, ಮಾಲು ಮಾತ್ರ ಮೀನು. ಯಜಮಾನ ಎಂಬ ಮನೆಯಲ್ಲಿ ಹೆಂಗಸಿನ ಹೆಸರು ಬರೆಯುವುದು ಹೇಗೆ ಎಂದು ಪೆನ್ಸಿಲ್ ಕಚ್ಚಿಕೊಂಡು ಕುಳಿತ. ಎರಡಕ್ಕೂ ಮಾವನ ಹೆಸರೇ ಬರೆದು ಮುಗಿಸಿದ. ಹೀಗೆ ಸರ್ಕಾರದ ಪುಸ್ತಕದಲ್ಲಿ ಹೊಲಿಗೆ ಟೀಚರಿಗೂ ನಮ್ಮ ಮಾವನೇ ಯಜಮಾನರಾದರು. ಇದನ್ನು ಶಾಲೆಯಲ್ಲಿ ಯಾರಿಗೂ ಹೇಳಬಾರದು ಎಂದು ಟೀಚರ್ ಆಮೇಲೆ ನನ್ನಿಂದ ಮಾತು ತೆಗೆದುಕೊಂಡರು.

ಕೊನೆಗೆ ಮಾವನ ಸರದಿ. ಅಲ್ಲಿ ಮೈಲುಗಲ್ಲು ಇಲ್ಲದ್ದರಿಂದ ಅವರು ಸೈಕಲ್ಲನ್ನು ದೂಡಿಕೊಂಡೇ ಗೇಟಿಗೆ ಬಂದಿದ್ದರು. ಮುಂದೆಯೂ ದೂಡಿಕೊಂಡೇ ಹೋಗುವುದು ಗಾರ್ಡಿಗೆ ಕಾಣುತ್ತಿತ್ತು. ಅವನು ಪ್ರಾಮಾಣಿಕ ಮನುಷ್ಯ, ಕಂಡದ್ದನ್ನು ಬರೆದ. ಮಾವನ ಭುಜದ ಮೇಲಿಂದ ನಾನು ಓದಿದೆ.

'ಗಾಡಿ ಒಂದು. ಚಕ್ರ ಎರಡು. ಎತ್ತು ಇಲ್ಲ. ಯಜಮಾನ ತಾನೇ ಎಳೆಯುತ್ತಾನೆ.'

೪. ಟಯರಿನ ಮೇಲೆ ಹೂವು

ಗೇಟು ದಾಟಿದ ಮೇಲೆ ಎರಡೂ ಕಡೆ ಕಾಡು ಹತ್ತಿರ ಬಂತು. ಧೂಪದ ಮರ, ಹೆಬ್ಬಲಸು, ಬೈನೆ, ಹೆಸರು ಗೊತ್ತಿಲ್ಲದ ಇನ್ನೂ ನೂರು. ಬಳ್ಳಿಗಳು ನಮ್ಮ ಸೊಂಟದಷ್ಟು ದಪ್ಪ. ರಸ್ತೆಯ ಮೇಲೆ ನೀರು ಜಿನುಗುತ್ತಲೇ ಇತ್ತು. ಮೂರು ಮೈಲು ಹೋಗುವಷ್ಟರಲ್ಲಿ ನನ್ನ ಮುಂದಿನ ಟಯರು ಒಂದು ಚೂಪು ಕಲ್ಲಿಗೆ ಸಿಕ್ಕಿ ಆರು ಬೆರಳಗಲ ಸೀಳಿತು. ಟ್ಯೂಬಿಗೆ ಅಂಟಿಸಲು ನನ್ನಲ್ಲಿ ಪಟ್ಟಿ, ಸೊಲ್ಯೂಷನ್ ಎಲ್ಲ ಇತ್ತು. ಟಯರಿಗೆ ಏನೂ ಇರಲಿಲ್ಲ.

ಮಾವ ಬಗ್ಗಿ ನೋಡಿದರು. ಅವರ ಮುಖದಲ್ಲಿ ಬೇಸರ ಇತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. "ಇದು ಇನ್ನು ಆಗುವುದಿಲ್ಲ ಅಲ್ವಾ ಮಗಾ?" ಎಂದು ಬಹಳ ಮೆತ್ತಗೆ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಹೊಲಿಗೆ ಟೀಚರ್ ಚೀಲದಿಂದ ಗೋಣಿ ಹೊಲಿಯುವ ದಬ್ಬಣ ತೆಗೆದರು. ರಸ್ತೆಯ ಬದಿಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತರು. ದಾರಕ್ಕೆ ಮೇಣ ಸವರಿದರು. ಸೀಳಿದ ಜಾಗಕ್ಕೆ ಒಳಗಿನಿಂದ ದಪ್ಪ ಬಟ್ಟೆಯ ಪಟ್ಟಿ ಇಟ್ಟರು. ಆಮೇಲೆ ನಾಲ್ಕನೆಯ ಕ್ಲಾಸಿನ ಮಕ್ಕಳಿಗೆ ಕಲಿಸುವಂತೆಯೇ, ಒಂದು ಹೊಲಿಗೆಗೂ ಇನ್ನೊಂದಕ್ಕೂ ಅಂತರ ಸಮ ಇರುವಂತೆ, ಟಯರನ್ನು ಹೊಲಿದರು. ಮರದ ಮೇಲೆ ಕೂತಿದ್ದ ಸಿಂಗಳೀಕಗಳ ಒಂದು ಸಂಸಾರ ಕದಲದೆ ನೋಡಿತು. ನಮ್ಮ ಶಾಲೆಯ ಮಕ್ಕಳು ಅಷ್ಟು ಗಮನ ಕೊಟ್ಟದ್ದನ್ನು ನಾನು ಕಂಡಿಲ್ಲ.

ಮುಗಿಯಿತು ಎಂದುಕೊಂಡೆವು. ಮುಗಿದಿರಲಿಲ್ಲ. ಟೀಚರ್ ಕೆಂಪು ದಾರ ಹುಡುಕಿ ತೆಗೆದು ಹೊಲಿಗೆಯ ಕೊನೆಯಲ್ಲಿ ಆರು ಎಸಳಿನ ಒಂದು ಹೂವು ಹಾಕತೊಡಗಿದರು. ಕತ್ತಲಾಗುವ ಮೊದಲು ಘಾಟಿ ಹತ್ತಬೇಕು, ಮಾವನಿಗೆ ತಡೆಯಲಾಗಲಿಲ್ಲ. ಟಯರಿಗೆ ಹೂವು ಎಂತಕ್ಕೆ ಬಾಯಮ್ಮ ಎಂದು ಕೇಳಿದರು.

ಟೀಚರ್ ತಲೆ ಎತ್ತಲಿಲ್ಲ. "ಹೂವು ಹಾಕದೆ ದಾರ ಕಡಿದವರಿಗೆ ನಾನು ಹತ್ತರಲ್ಲಿ ನಾಲ್ಕೇ ಮಾರ್ಕು ಕೊಡ್ತೇನೆ ಶೆಟ್ರೇ. ನಾಲ್ಕು ಮಾರ್ಕಿನ ಟಯರಿನಲ್ಲಿ ಈ ಘಾಟಿ ಹತ್ತುವುದು ಹೇಗೆ?"

೫. ಕೈ ತೋರಿಸಿದರೂ ನಿಲ್ಲದ ಬಸ್ಸು

ಘಾಟಿಯ ಅರ್ಧ ದಾರಿಗೆ ನನ್ನ ಸ್ಥಿತಿ ಹೇಳುವಂತಿರಲಿಲ್ಲ. ಕಾಲಿನಲ್ಲಿ ಇಂಬಳ ಎಂಬ ಕಾಡುಜಿಗಣೆ ಕಚ್ಚಿದ ಗಾಯ ಏಳೆಂಟು. ತುಳಿದದ್ದಕ್ಕಿಂತ ದೂಡಿದ್ದೇ ಹೆಚ್ಚು. ಪ್ರತಿ ಮೈಲುಗಲ್ಲಿನಲ್ಲೂ ಮಾವ "ಆಗ್ತದಾ?" ಎಂದು ಕೇಳುತ್ತಿದ್ದರು. ನಾನು "ಆಗ್ತದೆ ಮಾವ" ಎನ್ನುತ್ತಿದ್ದೆ. ಮೊದಮೊದಲು ಅವರು ನನ್ನ ಬಾಯಿಂದ 'ಇಲ್ಲ' ಬರಲಿ ಎಂದು ಕೇಳುತ್ತಿದ್ದದ್ದು ಮಗನ ಮದುವೆಗಾಗಿ. ಆರನೆಯ ಮೈಲಿನ ನಂತರ ಅದು ಅವರ ಸ್ವಂತ ಕಾಲುಗಳಿಗಾಗಿ. ತಾವಾಗಿ ಸಾಕು ಎಂದರೆ ಪರೀಕ್ಷೆಯಲ್ಲಿ ಸೋತವರು ತಾವೇ ಆಗುತ್ತಾರೆ. ನಾನು ಹೇಳಿದರೆ ಎಲ್ಲರೂ ಬಚಾವು. ನಾನು ಹೇಳಲಿಲ್ಲ. ಹೇಳಿದರೆ ಬಂಟ್ವಾಳದಲ್ಲಿ ಅಕ್ಕಿ ಗಿರಣಿ.

ದಿನಕ್ಕೊಂದೇ ಬಸ್ಸು ಆ ಘಾಟಿ ಹತ್ತುತ್ತಿತ್ತು. ಎಲ್ಲಿಯೋ ಕೆಳಗಿನ ತಿರುವಿನಲ್ಲಿ ಬುಸ್ ಬುಸ್ ಎಂದು ಸದ್ದು ಕೇಳಿತು. ಬಸ್ಸು ಬಂತು ಎಂದು ಮಾವ ಸೈಕಲ್ಲನ್ನು ಗುಡ್ಡಕ್ಕೆ ಒರಗಿಸಿ, ರಸ್ತೆಯ ನಡುವೆ ನಿಂತು ಕೈ ಎತ್ತಿದರು. ನಮ್ಮನ್ನು ಹತ್ತಿಸಲು ಅಲ್ಲವಂತೆ, ಕುಡಿಯಲು ನೀರು ಕೇಳಲಂತೆ. ಸದ್ದು ಹತ್ತಿರ ಬಂತು. ಬಸ್ಸು ಬರಲಿಲ್ಲ. ನಮ್ಮ ತಲೆಯ ಮೇಲೆ ಎರಡು ದೊಡ್ಡ ಮಂಗಟ್ಟೆ ಹಕ್ಕಿಗಳು, ಆ ಭಾರೀ ಕೊಕ್ಕು ಚಾಚಿಕೊಂಡು, ಅದೇ ಬುಸ್ ಬುಸ್ ರೆಕ್ಕೆ ಬಡಿದು ದಾಟಿ ಹೋದವು. ಮಾವ ಕೈಯನ್ನು ಹಾಗೇ ತಲೆಗೆ ಕೊಂಡೊಯ್ದು ಮುಂಡಾಸು ಸರಿಮಾಡಿಕೊಂಡರು. ಹೊಲಿಗೆ ಟೀಚರ್ ಮರದ ಕಡೆ ತಿರುಗಿ ನಿಂತರು, ಅವರ ಬೆನ್ನು ಅಲುಗುತ್ತಿತ್ತು.

ಹೀಗೆ ಮೂರು ಸಲ ಆಯಿತು. ನಾಲ್ಕನೆಯ ಸಲ ಸದ್ದು ಬಂದಾಗ ಮಾವ ಕೂತಲ್ಲಿಂದ ಏಳಲಿಲ್ಲ. ಹಾಳು ಹಕ್ಕಿ ಎಂದು ಬೈದು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಬಂದದ್ದು ಬಸ್ಸು. ನಮ್ಮನ್ನು ಕಂಡು ಕಂಡಕ್ಟರ್ ತಾನಾಗಿಯೇ ನಿಲ್ಲಿಸಿದ. ಮೂವರಿಗೂ ಜಾಗ ಉಂಟು, ಸೈಕಲ್ಲುಗಳನ್ನು ಮೇಲೆ ಕಟ್ಟುವ ಎಂದ. ಮಾವ ನನ್ನ ಕಡೆ ನೋಡಿದರು. ಆಗ್ತದಾ ಎಂದು ಕೇಳಿದರು. ಎರಡನೆಯ ಸಲ ಕೇಳಿದರು. ಮೂರನೆಯ ಸಲ ಕೇಳುವಾಗ ಅದು ಪ್ರಶ್ನೆಯಾಗಿ ಉಳಿದಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಆದರೂ ಆಗ್ತದೆ ಎಂದೆ.

ಮಾವ ಕಂಡಕ್ಟರನ ಕಡೆ ತಿರುಗಿದರು. "ನೀನು ಹೋಗು ಮಾರಾಯ. ನಮ್ಮ ಹುಡುಗಿಗೆ ಮನುಷ್ಯರ ಕಷ್ಟ ಗೊತ್ತಾಗುವುದಿಲ್ಲ."

೬. ಮೈಸೂರು ಸೀಮೆಯ ಸಾಹೇಬರು

ಘಾಟಿಯ ಮೇಲೆ ಕೊಟ್ಟಿಗೆಹಾರ. ಅಲ್ಲಿಂದ ಮೈಸೂರು ಮಹಾರಾಜರ ಸೀಮೆ. ಆ ಸಂಜೆ ಹೇಗೆ ತಲುಪಿದೆವು, ಏನು ಉಂಡೆವು ಎಂಬುದು ನನಗೆ ನೆನಪಿಲ್ಲ. ಬೆಳಿಗ್ಗೆ ಎದ್ದು, ಮಂಜು ಸ್ವಲ್ಪ ಕಳೆದ ಮೇಲೆ, ಅಲ್ಲೇ ಹತ್ತಿರದ ಒಂದು ಹಳ್ಳಿ ಶಾಲೆಯ ಜಗಲಿಯ ಪಕ್ಕ ಸೈಕಲ್ಲುಗಳನ್ನು ನಿಲ್ಲಿಸಿ ನೀರು ಕೇಳಿದೆವು.

ಒಳಗಿನಿಂದ ಮೇಷ್ಟ್ರು ಓಡಿ ಬಂದರು. ಎರಡು ಹೆಜ್ಜೆ ಬಂದವರು ಮತ್ತೆ ಒಳಗೆ ಓಡಿ ಕೋಟು ಹಾಕಿಕೊಂಡು ಬಂದರು. ಮಕ್ಕಳು ಸಾಲಾಗಿ ನಿಂತು ಹಾಡು ಶುರು ಮಾಡಿದರು. ಆ ತಿಂಗಳು ಶಾಲೆ ನೋಡಲು ಯಾರೋ ಸಾಹೇಬರು ಬರುವವರಿದ್ದರಂತೆ. ಮುಂಡಾಸು ಸುತ್ತಿದ ಹಿರಿಯರೊಬ್ಬರು, ಜೊತೆಗೆ ಟೀಚರಂತೆ ಕಾಣುವ ಇಬ್ಬರು ಹೆಂಗಸರು, ಮೂರು ಸೈಕಲ್ಲು. ಇವರು ಸಾಹೇಬರಲ್ಲದಿದ್ದರೆ ಇನ್ಯಾರು ಎಂದು ಮೇಷ್ಟ್ರು ನಿಶ್ಚಯಿಸಿಬಿಟ್ಟಿದ್ದರು. ನಾನು ಅಲ್ಲ ಎನ್ನಲು ಹೊರಟೆ. ಅಷ್ಟರಲ್ಲಿ ಮಾವ ಕುರ್ಚಿಯಲ್ಲಿ ಕುಳಿತಾಗಿತ್ತು. ನಾಲ್ಕು ದಿನ ಸೈಕಲ್ಲಿನ ಸೀಟಿನ ಮೇಲೆ ಕೂತ ಮನುಷ್ಯನ ಎದುರು ಮೆತ್ತೆ ಹಾಕಿದ ಕುರ್ಚಿ ಇಟ್ಟರೆ ಅವನು ಯಾವ ಸಾಹೇಬ ಬೇಕಾದರೂ ಆಗುತ್ತಾನೆ.

ಕಾಫಿ ಬಂತು. ಬಾಳೆಹಣ್ಣು ಬಂತು. ಮಾವ ಮಗ್ಗಿ ಕೇಳಿದರು. ಉಗುರು ನೋಡಿದರು. ಒಬ್ಬ ಹುಡುಗಿಯನ್ನು ಎಬ್ಬಿಸಿ ಸಮುದ್ರ ನೋಡಿದ್ದೀಯಾ ಎಂದು ಕೇಳಿದರು. ಅವಳು ಇಲ್ಲ ಎಂದಳು. ಉಪ್ಪುನೀರು ಎಂಬ ಒಂದು ಮಾತು ಬಿಟ್ಟರೆ ಬೇರೇನೂ ಇಲ್ಲ ಮಗಾ ಎಂದು ಸಮಾಧಾನ ಮಾಡಿದರು. ಶಾಲೆಯ ಹೆಂಚು ಸೋರುತ್ತದೆ ಎಂದು ಮೇಷ್ಟ್ರು ಹೇಳಿಕೊಂಡದ್ದಕ್ಕೆ, ಮಳೆಗಾಲ ಮುಗಿಯಿತಲ್ಲ, ಇನ್ನು ಸೋರಲಿಕ್ಕಿಲ್ಲ ಎಂದು ಆಶ್ವಾಸನೆ ಕೊಟ್ಟರು.

ಅಲ್ಲಿಂದ ಹೊರಟ ಮೇಲೆ ನಾನು ಆಸೆಯಿಂದ ಕೇಳಿದೆ. ನನ್ನ ಕೆಲಸ ಇದೇ ಮಾವ, ನೋಡಿದಿರಲ್ಲ, ಘಾಟಿಯನ್ನೂ ಹತ್ತಿದೆನಲ್ಲ, ಇನ್ನು ಸಹಿ ಹಾಕುತ್ತೀರಾ?

ಮಾವ, ಸೈಕಲ್ಲಿನ ವಿಷಯ ಮುಗಿಯಿತು, ಮದುವೆಯ ವಿಷಯ ಬೇರೆ, ಅದನ್ನು ಊರಿಗೆ ಹೋಗಿ ಮಾತಾಡುವ ಎಂದರು. ಮಾವನ 'ಮಾತಾಡುವ' ಎಂದರೆ ಏನು ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅದು 'ಇಲ್ಲ' ಎಂಬುದನ್ನು ಕುಳಿತುಕೊಂಡು ಹೇಳುವ ಕ್ರಮ. ನನಗೆ ಅಲ್ಲೇ ರಸ್ತೆಯಲ್ಲಿ ಕುಸಿದು ಕೂರುವ ಎನ್ನಿಸಿತು. ಹೊಲಿಗೆ ಟೀಚರ್ ನನ್ನ ಬೆನ್ನ ಮೇಲೆ ಕೈ ಇಟ್ಟರು. ಮಾವ ಮಾತ್ರ ಹಿಂದೆ ಉಳಿದ ಶಾಲೆಯ ಕಡೆ ಒಮ್ಮೆ ತಿರುಗಿ ನೋಡಿ ಹೇಳಿದರು:

"ಕೆಲಸ ಒಳ್ಳೆಯದೇ ಉಂಟು. ಆದರೆ ಅದಕ್ಕೆ ನಿನಗಿಂತ ನಾನೇ ಸರಿ."

೭. ತಿರುವಿಗೊಂದು ಹರಕೆ

ಘಾಟಿ ಇಳಿಯುವವರು ಸೈಕಲ್ಲಿನ ಬ್ರೇಕನ್ನು ನಂಬುತ್ತಿರಲಿಲ್ಲ. ಹಿಂದೆ ಒಂದು ಸೊಪ್ಪಿನ ಕೊಂಬೆ ಕಟ್ಟುವುದು ವಾಡಿಕೆ. ಅದು ನೆಲಕ್ಕೆ ಉಜ್ಜಿಕೊಂಡು ಬಂದು ವೇಗ ತಡೆಯುತ್ತದೆ. ನಾನೂ ಟೀಚರೂ ಹಸಿ ಕೊಂಬೆ ಕಡಿದು ಕಟ್ಟಿದೆವು. ಮಾವ ಶಾಲೆ ನೋಡಿ ಬಂದ ಹುರುಪಿನಲ್ಲಿದ್ದರು. ಬಿದ್ದಿದ್ದ ಒಂದು ಒಣ ಕೊಂಬೆಯನ್ನು ಹಳೆಯ ಬಳ್ಳಿಯಿಂದ ಕಟ್ಟಿ, ಮೈಲುಗಲ್ಲಿನಿಂದ ಸೈಕಲ್ ಏರಿ ಮುಂದೆ ಹೊರಟರು.

ಎರಡನೆಯ ತಿರುವಿನಲ್ಲಿ ಬಳ್ಳಿ ಕಡಿಯಿತು. ಕೊಂಬೆ ರಸ್ತೆಯಲ್ಲಿ ಉಳಿಯಿತು, ಮಾವ ಉಳಿಯಲಿಲ್ಲ. ಬ್ರೇಕು ಹಿಡಿದರು, ಅದು ಕೀಂ ಎಂದು ಕೂಗಿ ಸುಮ್ಮನಾಯಿತು. ಇಳಿಯುವುದನ್ನಂತೂ ಅವರು ಕಲಿತೇ ಇರಲಿಲ್ಲ. ನಾನು ಹಿಂದಿನಿಂದ ಸಾಧ್ಯವಾದಷ್ಟು ಜೋರಾ‌ಗಿ ಬಿಟ್ಟೆ. ಮಾವ ಕಾಣುವುದು ನಿಂತರೂ ಅವರ ದನಿ ಮಾತ್ರ ಕಾಡಿನಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಅವರು ನಮ್ಮ ಮನೆಯ ದೈವವನ್ನು ಕರೆಯುತ್ತಿದ್ದರು.

ತುಳುನಾಡಿನಲ್ಲಿ ಮನೆಮನೆಗೂ ದೈವ ಉಂಟು. ಕಷ್ಟ ಬಂದಾಗ ಹರಕೆ ಹೇಳುವುದು, ಕಷ್ಟ ಕಳೆದ ಮೇಲೆ ಒಪ್ಪಿಸುವುದು. ಸಾಹುಕಾರನಿಗೆ ಕೊಟ್ಟ ಮಾತು ತಪ್ಪಬಹುದು, ಕೋರ್ಟಿನಲ್ಲಿ ಹೇಳಿದ್ದನ್ನೂ ತಪ್ಪಬಹುದು, ದೈವಕ್ಕೆ ಹೇಳಿದ ಹರಕೆ ತಪ್ಪಿದವರನ್ನು ನಾನು ಕಂಡಿಲ್ಲ. ಮಾವ ಮೂರನೆಯ ತಿರುವಿನಲ್ಲಿ ಒಂದು ಎಳನೀರು ಹೇಳಿದರು. ನಾಲ್ಕನೆಯದರಲ್ಲಿ ಒಂದು ಕೋಳಿ. ಐದನೆಯದರಲ್ಲಿ ಪ್ರಪಾತ ಕಂಡಿರಬೇಕು, ಎರಡು ಹುಂಜ, ಒಂದು ಬೆಳ್ಳಿಯ ಕತ್ತಿ ಎಂದರು. ಆಮೇಲೆ ರಸ್ತೆ ಸ್ವಲ್ಪ ಸಮ ಬಂತು. ಬೆಳ್ಳಿಯದ್ದು ಸಿಗದಿದ್ದರೆ ಹಿತ್ತಾಳೆಯದ್ದು ಎಂದು ತಿದ್ದಿದರು. ಮತ್ತೆ ಇಳಿಜಾರು. ಈಗ ಕೊಡಲು ಅವರಿಗೆ ಏನೂ ನೆನಪಾಗಲಿಲ್ಲವೆಂದು ಕಾಣುತ್ತದೆ. ಎರಡು ಕ್ಷಣ ದನಿಯೇ ಇಲ್ಲ. ಆಗ ಕಾಡೆಲ್ಲ ಕೇಳುವಂತೆ ಒಂದು ಮಾತು ಬಂತು:

"ಹುಡುಗಿಯ ಮದುವೆ ಬೇಡ. ಅವಳು ಎಲ್ಲಿಗೆ ಬೇಕಾದರೂ ಹೋಗಲಿ, ನಾನು ಸಹಿ ಹಾಕ್ತೇನೆ. ಈ ಒಂದು ತಿರುವು ದಾಟಿಸು ದೈವವೇ."

ತಿರುವು ದಾಟಿತು. ಆಚೆ ರಸ್ತೆಯ ಬದಿಯಲ್ಲಿ ಹೆಂಗಸರು ಗದ್ದೆಯ ಗೊಬ್ಬರಕ್ಕೆಂದು ತರಗೆಲೆ ಗುಡಿಸಿ ಆಳೆತ್ತರ ರಾಶಿ ಹಾಕಿದ್ದರು. ನಾನು ತಲುಪುವಾಗ ರಾಶಿಯಿಂದ ಸೈಕಲ್ಲಿನ ಒಂದು ಚಕ್ರ ಮಾತ್ರ ಹೊರಗೆ ಕಾಣುತ್ತಿತ್ತು, ತಿರುಗುತ್ತಿತ್ತು. ಒಬ್ಬ ಹೆಂಗಸು ಕೈಯಲ್ಲಿ ಹಿಡಿದ ಪೊರಕೆಯನ್ನು ಕೆಳಗಿಡದೆ, ಬೆಳಗಿನಿಂದ ಮಾಡಿದ ಕೆಲಸ ಹಾಳಾಯಿತಲ್ಲ ಎಂದು ಗೊಣಗುತ್ತಿದ್ದಳು. ಎಲೆ ಸರಿಸಿ ಮಾವನನ್ನು ಎಬ್ಬಿಸಿ ಕೂರಿಸಿದೆವು. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಮುಂಡಾಸಿನಿಂದ ಎಲೆ ತೆಗೆಯುತ್ತಾ ಅವರು ನನ್ನನ್ನು ಓರೆಗಣ್ಣಿನಲ್ಲಿ ನೋಡಿದರು.

"ನೀನು ಎಂತಾದರೂ ಕೇಳಿದ್ಯಾ?"

"ಕೇಳಿದೆ ಮಾವ."

"ಕೋಳಿಯದ್ದಾ?"

"ಕೋಳಿಯದ್ದೂ ಕೇಳಿದೆ."

ಅವರು ಹೊಲಿಗೆ ಟೀಚರ ಕಡೆ ತಿರುಗಿದರು. ನಿಮ್ಮ ದೈವದ ವಿಷಯ ನನಗೆ ಗೊತ್ತಿಲ್ಲ ಶೆಟ್ರೇ, ನಾನು ಇಗರ್ಜಿಗೆ ಹೋಗುವವಳು ಎಂದು ಟೀಚರ್ ಹೇಳಿದರು. ಮಾವನಿಗೆ ಸ್ವಲ್ಪ ಜೀವ ಬಂತು. "ಆದರೆ ಕಿವಿ ನನಗೂ ಉಂಟು," ಎಂದು ಟೀಚರ್ ಮಾತು ಮುಗಿಸಿದರು.

ಊರಿಗೆ ಬಂದು ಎಂಟು ದಿನ ಮಾವ ಸಹಿಯ ಮಾತೆತ್ತಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಮನೆಯಲ್ಲಿ ದೈವಕ್ಕೆ ತಂಬಿಲ ಇಟ್ಟರು. ವರ್ಷಕ್ಕೊಮ್ಮೆ ಕೊಡುವ ಸೇವೆ, ಆ ವರ್ಷ ಎರಡನೆಯ ಸಲ. ದೈವ ಮೈಮೇಲೆ ಬಂದು ನುಡಿ ಕೊಡುವ ಪಾತ್ರಿ ಬಂದಿದ್ದರು. ಮನೆಯವರೆಲ್ಲ ಅಂಗಳದಲ್ಲಿ ಕೈ ಕಟ್ಟಿ ನಿಂತಿದ್ದೆವು. ಸಾಕ್ಷಿಗೆಂದು ನಾನು ಹೊಲಿಗೆ ಟೀಚರನ್ನು ಕರೆದಿದ್ದೆ. ಅವರು ಗೇಟಿನ ಹೊರಗೆ ಸೈಕಲ್ ಹಿಡಿದುಕೊಂಡು ನಿಂತಿದ್ದರು. ಇನ್ನು ಆರು ದಿನದಲ್ಲಿ ಕಾಗದ ಕಳುಹಿಸದಿದ್ದರೆ ನನ್ನ ಕೆಲಸ ಬೇರೆಯವರಿಗೆ ಹೋಗುತ್ತಿತ್ತು.

ಪಾತ್ರಿಯ ಮೈಮೇಲೆ ದೈವದ ದರ್ಶನ ಬಂತು. ಮಾವ ಎಳನೀರು ಒಪ್ಪಿಸಿದರು. ಕೋಳಿಯನ್ನೂ ಹುಂಜಗಳನ್ನೂ ಒಪ್ಪಿಸಿದರು. ಕತ್ತಿಯನ್ನೂ ಒಪ್ಪಿಸಿದರು, ಬೆಳ್ಳಿಯದ್ದೇ. ಆಮೇಲೆ ಬಹಳ ವಿನಯದಿಂದ ಒಂದು ಅರಿಕೆ ಮಾಡಿದರು. ಘಾಟಿಯಲ್ಲಿ ಗಾಬರಿಯಿಂದ ಬಾಯಿ ತಪ್ಪಿ ಇನ್ನೊಂದು ಮಾತೂ ಬಂದಿತ್ತು, ಅದರ ಬದಲಿಗೆ ಇನ್ನೂ ನಾಲ್ಕು ಹುಂಜ ಕೊಟ್ಟರೆ ಆಗದೇ ಎಂದರು.

ಪಾತ್ರಿ ತಲೆ ಅಲ್ಲಾಡಿಸಿದರು. ಇನ್ನೊಂದು ಕತ್ತಿ ಎಂದರು ಮಾವ. ಪಾತ್ರಿ ಅದಕ್ಕೂ ಒಪ್ಪಲಿಲ್ಲ. ಮಾವ ಮೀನಿನ ಮಾರ್ಕೆಟಿನಲ್ಲಿ ಬೆಳೆದವರಲ್ಲದಿದ್ದರೂ ಚೌಕಾಶಿ ಬಿಡುವವರಲ್ಲ. ಹಾಗಾದರೆ ಹರಕೆ ತೀರಿಸುತ್ತೇನೆ, ಆದರೆ ಹುಡುಗಿ ಚಿಕ್ಕವಳು, ಒಂದು ವರ್ಷದ ಅವಧಿ ಕೊಡಬೇಕು ಎಂದು ಕೇಳಿಕೊಂಡರು.

ಪಾತ್ರಿ ಎರಡು ಹೆಜ್ಜೆ ಮುಂದೆ ಬಂದರು. ಮಾವನ ಮುಖಕ್ಕೆ ಮುಖ ಕೊಟ್ಟು ನಿಂತರು.

"ಘಾಟಿಯಲ್ಲಿ ನೀನು ಕರೆದೆ. ಆಗ ನಾನು ಒಂದು ವರ್ಷ ತಡಿ ಎಂದೆನಾ?"

ದೈವದ ಎದುರು ನಗುವಂತಿಲ್ಲ. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಪ್ಪ ಹುಂಜಗಳ ಕಾಲಿನ ಹಗ್ಗವನ್ನು ಬಿಚ್ಚಿ ಮತ್ತೆ ಕಟ್ಟಿದ. ಗೇಟಿನ ಹೊರಗೆ ಸೈಕಲ್ ಬಿದ್ದ ಸದ್ದು ಕೇಳಿತು. ನಾನು ಮಾತ್ರ ಭಕ್ತಿಯಿಂದ ಕೈ ಮುಗಿದು ತಲೆ ತಗ್ಗಿಸಿ ನಿಂತಿದ್ದೆ. ನಕ್ಕದ್ದು ಬಳ್ಳಾರಿಗೆ ಬಂದ ಮೇಲೆ.